ಹಳೆಯ ಸ್ಪೋರ್ಟ್ಸ್ ಕಾರಿನ ಬ್ರೇಕ್ ಪೆಡಲ್ ಮೆತ್ತಗಾದರೆ ದೋಷ ಹುಡುಕುವ ಕ್ರಮ

ಹಳೆಯ ಎರಡು ಸೀಟಿನ ಸ್ಪೋರ್ಟ್ಸ್ ಕಾರೊಂದನ್ನು ಗ್ಯಾರೇಜಿಗೆ ಒಯ್ದು ಬ್ರೇಕ್ ಪೆಡಲ್ ಮೆತ್ತಗಾಗಿದೆ ಎಂದು ಹೇಳಿದರೆ, ಹುಬ್ಬಳ್ಳಿಯಲ್ಲಾಗಲಿ ಧಾರವಾಡದಲ್ಲಾಗಲಿ ಮೊದಲು ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: “ಏರ್ ಹಿಡದೈತ್ರೀ ಸರ್, ಏರ್ ತಗದ್ರ ಸರಿ ಆಗತೈತಿ.” ಏರ್ ಎಂದರೆ ಬ್ರೇಕ್ ಆಯಿಲಿನ ಮಾರ್ಗದೊಳಗೆ ಸೇರಿದ ಗಾಳಿ. ಅದನ್ನು ತೆಗೆದ ಮೇಲೂ ಸರಿಯಾಗದಿದ್ದರೆ ಎರಡನೆಯ ಉತ್ತರವಾಗಿ, ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಬದಲಿಸುವ ಮಾತು ಬರುತ್ತದೆ. ಈ ಎರಡು ಉತ್ತರಗಳೂ ಎಷ್ಟೋ ಸಲ ನಿಜವೇ ಆಗಿರುತ್ತವೆ. ದಿನಬಳಕೆಯ ಕಾರಿನಲ್ಲಿ ಹೀಗೆ ಅಂದಾಜಿನ ಮೇಲೆ ಭಾಗ ಬದಲಿಸಿದರೂ ಹೆಚ್ಚು ನಷ್ಟವಿಲ್ಲ, ಏಕೆಂದರೆ ಬಿಡಿಭಾಗ ಊರಿನಲ್ಲೇ ಸಿಗುತ್ತದೆ. ಆದರೆ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಅಥವಾ ಟ್ರಯಂಫ್ ಸ್ಪಿಟ್‌ಫೈರ್, 1989ರಲ್ಲಿ ಬಂದ ಮಾಜ್ದಾ ಎಂ.ಎಕ್ಸ್-5, ಇಂಥ ಕಾರುಗಳಿಗೆ ಮಾಸ್ಟರ್ ಸಿಲಿಂಡರನ್ನು ಹೊರದೇಶದಿಂದ ತರಿಸಿಕೊಂಡು ವಾರಗಟ್ಟಲೆ ಕಾಯಬೇಕಾಗುತ್ತದೆ. ನಮ್ಮ ನೆರೆಯ ಗೋವಾದಲ್ಲೇ ತಯಾರಾದ ಸ್ಯಾನ್ ಸ್ಟಾರ್ಮ್ ಕಾರಿನ ಭಾಗಗಳೂ ಈಗ ಅಂಗಡಿಯಲ್ಲಿ ಕೇಳಿದೊಡನೆ ಸಿಗುವಂಥವಲ್ಲ. ಹೀಗಾಗಿ ಪಾನಾ ಕೈಗೆತ್ತಿಕೊಳ್ಳುವ ಮೊದಲು ದೋಷ ಎಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳುವುದೇ ಕಡಿಮೆ ಖರ್ಚಿನ ದಾರಿ.

ಇಡೀ ಕೆಲಸಕ್ಕೆ ಆಧಾರವಾಗಿ ಎರಡು ಸಂಗತಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮೊದಲನೆಯದು, ಮೆತ್ತಗಿನ ಪೆಡಲಿಗೆಲ್ಲ ಗಾಳಿಯೇ ಕಾರಣವಲ್ಲ. ಎರಡನೆಯದು, ಗಾಳಿಯೇ ಕಾರಣವಾಗಿದ್ದರೂ ಅದು ಯಾವುದೋ ಒಂದು ಕಡೆಯಿಂದ ಒಳಗೆ ಬಂದಿರಲೇಬೇಕು. ಆ ಜಾಗ ಹುಡುಕದೆ ಬರಿದೆ ಏರ್ ತೆಗೆದರೆ ತಿಂಗಳೊಳಗೆ ಪೆಡಲ್ ಮತ್ತೆ ಮೊದಲಿನ ಸ್ಥಿತಿಗೇ ಬರುತ್ತದೆ.

ಪರೀಕ್ಷೆಗೆ ಮುಂಚೆ ಸುರಕ್ಷತೆಯ ಬಗ್ಗೆ ಒಂದು ಮಾತು. ಪೆಡಲ್ ನೆಲಕ್ಕೆ ಮುಟ್ಟುತ್ತಿದ್ದರೆ, ಅಥವಾ ಒತ್ತಿ ಹಿಡಿದಾಗ ತಾನಾಗಿ ಇಳಿಯುತ್ತಿದ್ದರೆ, ಆ ಕಾರನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗಬಾರದು. ಲಾರಿಯ ಮೇಲೆ ಹೇರಿಕೊಂಡು ಹೋಗಬೇಕು. 1960ರ ದಶಕದ ಅನೇಕ ಕಾರುಗಳಲ್ಲಿ ನಾಲ್ಕೂ ಚಕ್ರಗಳಿಗೆ ಸೇರಿ ಬ್ರೇಕ್ ಆಯಿಲಿನ ಒಂದೇ ಮಾರ್ಗವಿರುವುದರಿಂದ, ಒಂದು ಪೈಪು ಹೋದರೆ ಉಳಿಯುವುದು ಹ್ಯಾಂಡ್ ಬ್ರೇಕ್ ಮಾತ್ರ. ಕಾರಿನ ಕೆಳಗೆ ಕೆಲಸ ಮಾಡುವಾಗ ಜಾಕ್ ಒಂದನ್ನೇ ನಂಬದೆ ಗಟ್ಟಿಯಾದ ಸ್ಟ್ಯಾಂಡುಗಳನ್ನು ಇಡಬೇಕು. ಕಲ್ಲು, ಇಟ್ಟಿಗೆಗಳನ್ನು ಒಟ್ಟಿ ಅವುಗಳ ಮೇಲೆ ಕಾರನ್ನು ನಿಲ್ಲಿಸುವ ರೂಢಿ ಪೂರ್ತಿ ಬಿಡತಕ್ಕದ್ದು.

ಪೆಡಲಿನ ವರ್ತನೆಯನ್ನು ಗಮನಿಸುವುದು

ಎಂಜಿನ್ ಬಂದ್ ಇರುವಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ ಬಿಟ್ಟು, ಬೂಸ್ಟರ್ (ಎಂಜಿನ್ನಿನ ನಿರ್ವಾತದ ಬಲದಿಂದ ಕಾಲಿನ ಒತ್ತಡಕ್ಕೆ ನೆರವಾಗುವ ಭಾಗ) ಇದ್ದರೆ ಅದರಲ್ಲಿ ಉಳಿದಿರುವ ನಿರ್ವಾತವನ್ನು ಖಾಲಿ ಮಾಡಬೇಕು. ಎಂಜಿನ್ ಚಾಲೂ ಇದ್ದಾಗ ಒಳ್ಳೆಯ ಬ್ರೇಕಿನ ಪೆಡಲ್ ಕೂಡ ಸ್ವಲ್ಪ ಮೃದುವಾಗಿಯೇ ಅನಿಸುತ್ತದೆ. ಬೂಸ್ಟರ್ ಇಲ್ಲದ ಕಾರಿಗೆ ಒಗ್ಗಿದ ಕಾಲಿಗೆ ಅದೇ ದೋಷವೆಂದು ತೋರಬಹುದು. ಬೂಸ್ಟರ್ ಸರಿಯಿದೆಯೇ ಎಂದು ತಿಳಿಯಲು, ನಿರ್ವಾತ ಖಾಲಿಯಾದ ಮೇಲೆ ಪೆಡಲನ್ನು ಒತ್ತಿ ಹಿಡಿದು ಎಂಜಿನ್ ಚಾಲೂ ಮಾಡಬೇಕು. ಆಗ ಪೆಡಲ್ ಕಾಲಿನ ಕೆಳಗೆ ತುಸು ಇಳಿದು ನಿಂತರೆ ಬೂಸ್ಟರ್ ಕೆಲಸ ಮಾಡುತ್ತಿದೆ ಎಂದು ಅರ್ಥ. ಬೂಸ್ಟರ್ ಕೆಟ್ಟರೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆಯೇ ಹೊರತು ಮೆತ್ತಗಾಗುವುದಿಲ್ಲ. ಆದ್ದರಿಂದ ಮೆತ್ತಗಿನ ಪೆಡಲಿಗೆ ಬೂಸ್ಟರ್ ಬದಲಿಸಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಕಾಗಿಲ್ಲ.

ಈಗ ಎಂಜಿನ್ ಬಂದ್ ಮಾಡಿ, ಮತ್ತೆ ನಿರ್ವಾತ ಖಾಲಿ ಮಾಡಿ, ಪೆಡಲನ್ನು ನಿಧಾನವಾಗಿ ಒತ್ತಿ ನಾಲ್ಕು ಅಂಶಗಳನ್ನು ಗಮನಿಸಬೇಕು: ಎಷ್ಟು ಕೆಳಗೆ ಹೋದ ಮೇಲೆ ತಡೆ ಸಿಗುತ್ತದೆ, ಆ ತಡೆ ಗಟ್ಟಿಯಾಗಿದೆಯೋ ಪುಟಿಯುವಂತಿದೆಯೋ, ಕೂಡಲೇ ಎರಡನೆಯ ಸಲ ಒತ್ತಿದರೆ ಪೆಡಲ್ ಮೇಲೆಯೇ ಹಿಡಿಯುತ್ತದೆಯೋ, ಮತ್ತು ಒಂದು ನಿಮಿಷ ಒತ್ತಿ ಹಿಡಿದರೆ ನಿಂತಲ್ಲೇ ನಿಲ್ಲುತ್ತದೆಯೋ ಇಳಿಯುತ್ತದೆಯೋ. ಇವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಮುಂದಿನ ಪ್ರತಿಯೊಂದು ಹಂತದಲ್ಲೂ ಮೊದಲಿಗಿಂತ ಏನು ಬದಲಾಯಿತು ಎಂದು ಹೋಲಿಸಬೇಕಾಗುತ್ತದೆ.

ಪೆಡಲ್ ಬೇಗನೆ ತಡೆ ಕೊಟ್ಟರೂ ಆ ತಡೆ ಪುಟಿಯುವಂತಿದ್ದರೆ, ಒಳಗೆ ಗಾಳಿ ಇರಬೇಕು ಅಥವಾ ಯಾವುದೋ ಭಾಗ ಒತ್ತಡಕ್ಕೆ ಬಾಗುತ್ತಿರಬೇಕು, ಉಬ್ಬುತ್ತಿರಬೇಕು. ಮೊದಲ ಸಲ ಬಹಳ ಕೆಳಗೆ ಹೋಗಿ, ಎರಡನೆಯ ಸಲ ಮೇಲೆಯೇ ಗಟ್ಟಿಯಾಗಿ ಹಿಡಿದರೆ, ಚಕ್ರದೊಂದಿಗೆ ತಿರುಗುವ ಡಿಸ್ಕಿಗೋ ಡ್ರಮ್ಮಿಗೋ ಒತ್ತಿ ಉಜ್ಜುವ ಬ್ರೇಕ್ ಪ್ಯಾಡ್ ಅಥವಾ ಲೈನರು ಅವುಗಳಿಂದ ಅಗತ್ಯಕ್ಕಿಂತ ದೂರ ಸರಿದು ಕುಳಿತಿದೆ ಎಂದು ತಿಳಿಯಬೇಕು; ಇದಕ್ಕೆ ಕಾರಣ ಹೆಚ್ಚಾಗಿ ಆಯಿಲಿನಲ್ಲಿಲ್ಲ, ಲೋಹದ ಭಾಗಗಳಲ್ಲಿದೆ. ಎರಡನೆಯ ಸಲ ಮೇಲೆ ಹಿಡಿದರೂ ಪುಟಿಯುವ ಗುಣ ಉಳಿದರೆ ಎರಡೂ ದೋಷಗಳು ಸೇರಿರಬಹುದು. ಒತ್ತಿ ಹಿಡಿದಾಗ ಪೆಡಲ್ ನಿಧಾನವಾಗಿ ಇಳಿದರೆ, ಆಯಿಲ್ ಹೊರಗೆ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗೇ ರಬ್ಬರ್ ವಾಷರನ್ನು (ಸೀಲನ್ನು) ದಾಟಿ ಹಿಂದಕ್ಕೆ ಹೋಗುತ್ತಿದೆ.

ಇಳಿಯುವ ಪರೀಕ್ಷೆಯನ್ನು ಜೋರಾಗಿ ಒತ್ತಿ ಒಮ್ಮೆ, ಹೆಬ್ಬೆರಳಿನಷ್ಟೇ ಭಾರ ಹಾಕಿದಂತೆ ಹಗುರವಾಗಿ ಒಮ್ಮೆ, ಹೀಗೆ ಎರಡು ಬಗೆಯಲ್ಲಿ ಮಾಡಬೇಕು. ಹೆಚ್ಚಿನವರು ಜೋರಾಗಿ ಒತ್ತಿ ನೋಡಿ ಪೆಡಲ್ ನಿಂತಿತೆಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಒತ್ತಡ ಹೆಚ್ಚಾದಾಗ ಸವೆದ ವಾಷರಿನ ತುಟಿಯೂ ಸಿಲಿಂಡರಿನ ಗೋಡೆಗೆ ಬಲವಾಗಿ ಅಂಟಿಕೊಂಡು ಆಯಿಲನ್ನು ತಡೆಯುತ್ತದೆ. ಒತ್ತಡ ಕಡಿಮೆ ಇದ್ದಾಗ ಅದೇ ವಾಷರು ಬಿಟ್ಟುಕೊಡುತ್ತದೆ. ಸಿಗ್ನಲಿನಲ್ಲಿ ಹಗುರವಾಗಿ ಬ್ರೇಕ್ ಹಿಡಿದು ನಿಂತಾಗ ಪೆಡಲ್ ಇಳಿಯುತ್ತದೆ, ಆದರೆ ಗ್ಯಾರೇಜಿನಲ್ಲಿ ತೋರಿಸಿದರೆ ಇಳಿಯುವುದಿಲ್ಲ ಎಂಬ ದೂರಿಗೆ ಹೆಚ್ಚಾಗಿ ಇದೇ ಕಾರಣ.

ಡಬ್ಬಿ ಮತ್ತು ಸೋರಿಕೆ

ಮಾಸ್ಟರ್ ಸಿಲಿಂಡರಿಗೆ ಆಯಿಲ್ ಒದಗಿಸುವ ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಸುತ್ತಲಿನ ಧೂಳನ್ನು ಒರೆಸಬೇಕು. ಮುಂಗಾರಿಗೆ ಮುಂಚಿನ ದಿನಗಳಲ್ಲಿ ನಮ್ಮ ಕಡೆ ಕಪ್ಪು ಮಣ್ಣಿನ ಧೂಳು ಎಲ್ಲೆಡೆ ಕುಳಿತಿರುತ್ತದೆ, ಅದರ ಒಂದು ಚಿಟಿಕೆ ಒಳಗೆ ಬಿದ್ದರೂ ವಾಷರಿಗೆ ಗೀರು ಬೀಳುತ್ತದೆ. ಮುಚ್ಚಳದ ಒಳಗಿನ ರಬ್ಬರು ಉಬ್ಬಿ ಅಲೆಅಲೆಯಾಗಿದ್ದರೆ ಯಾರೋ ಬ್ರೇಕ್ ಆಯಿಲಿನ ಬದಲು ಎಂಜಿನ್ ಆಯಿಲ್ ಅಥವಾ ಪವರ್ ಸ್ಟಿಯರಿಂಗ್ ಆಯಿಲ್ ಹಾಕಿರುವ ಸಂಶಯ ಪಡಬೇಕು. ಹಾಗಿದ್ದಲ್ಲಿ ಮುಂದಿನ ಪರೀಕ್ಷೆಗಳೆಲ್ಲ ವ್ಯರ್ಥ. ವ್ಯವಸ್ಥೆಯಲ್ಲಿರುವ ರಬ್ಬರಿನ ಪ್ರತಿಯೊಂದು ಭಾಗವನ್ನೂ ಬದಲಿಸಲೇಬೇಕು.

ಆಯಿಲಿನ ಜಾತಿ ತಿಳಿಯಲು ಸುಲಭವಾದ ಉಪಾಯವೊಂದಿದೆ. ಗಾಜಿನ ಲೋಟದಲ್ಲಿ ಸ್ವಲ್ಪ ನೀರು ತೆಗೆದುಕೊಂಡು ಡಬ್ಬಿಯ ಆಯಿಲಿನ ಕೆಲವು ಹನಿಗಳನ್ನು ಹಾಕಿ ಅಲುಗಾಡಿಸಬೇಕು. ಡಾಟ್ ಎಂಬುದು ಬ್ರೇಕ್ ಆಯಿಲಿನ ದರ್ಜೆ; ಡಾಟ್ 3, ಡಾಟ್ 4 ಮತ್ತು ಡಾಟ್ 5.1 ಆಯಿಲುಗಳು ನೀರಿನಲ್ಲಿ ಬೆರೆತುಹೋಗುತ್ತವೆ. ಖನಿಜ ಎಣ್ಣೆ ಮೇಲೆ ತೇಲುತ್ತದೆ. ಡಾಟ್ 5 ಎಂಬ ಸಿಲಿಕೋನ್ ಆಯಿಲ್ ಬೆರೆಯದೆ ಬೇರೆಯಾಗಿಯೇ ಉಳಿಯುತ್ತದೆ, ಬಣ್ಣ ಹೆಚ್ಚಾಗಿ ನೇರಳೆ. ಈ ಸಿಲಿಕೋನ್ ಆಯಿಲ್ ಪೇಂಟನ್ನು ಸುಡುವುದಿಲ್ಲ ಎಂಬ ಕಾರಣಕ್ಕೆ ಹೊರದೇಶಗಳಲ್ಲಿ ಅನೇಕರು ಹಳೆಯ ಕಾರುಗಳಿಗೆ ಹಾಕುತ್ತಾರೆ. ಅದರಲ್ಲಿ ಸಣ್ಣ ಗುಳ್ಳೆಗಳು ಬೇಗ ಸೇರಿಕೊಂಡು ನಿಧಾನವಾಗಿ ಬಿಡುವುದರಿಂದ, ಯಾವ ದೋಷವಿಲ್ಲದಿದ್ದರೂ ಪೆಡಲ್ ತುಸು ಮೆತ್ತಗೆ ಅನಿಸಬಹುದು. ಹೆಸರಿನಲ್ಲಿ 5 ಮತ್ತು 5.1 ಹತ್ತಿರವಿದ್ದರೂ ಇವೆರಡನ್ನು ಬೆರೆಸಕೂಡದು.

ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ ಆಯಿಲ್ ಹೋದ ಜಾಗ ಹುಡುಕಬೇಕು. ಪ್ಯಾಡ್ ಸವೆದಂತೆ ಮಟ್ಟ ಸ್ವಲ್ಪ ಇಳಿಯುವುದು ಸಹಜ, ಆದರೆ ಪದೇಪದೇ ತುಂಬಬೇಕಾದರೆ ಸಹಜವಲ್ಲ. ನಾಲ್ಕೂ ಚಕ್ರ ಬಿಚ್ಚಿ, ಕ್ಯಾಲಿಪರಿನ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗದ) ಸುತ್ತ, ಹೋಸ್ ಪೈಪಿನ ಎರಡೂ ತುದಿ, ಡ್ರಮ್ಮಿನ ಹಿಂಬದಿಯ ತಗಡಿನ ಕೆಳ ಅಂಚು, ಇವೆಲ್ಲವನ್ನೂ ಬೆರಳಿನಿಂದ ಮುಟ್ಟಿ ನೋಡಬೇಕು. ಡ್ರಮ್ ತೆಗೆದ ಮೇಲೆ ವೀಲ್ ಸಿಲಿಂಡರಿನ (ಲೈನರನ್ನು ಡ್ರಮ್ಮಿಗೆ ತಳ್ಳುವ ಸಿಲಿಂಡರಿನ) ಧೂಳುಗವಸಿನ ಅಂಚನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಎತ್ತಬೇಕು: ಒಳಗೆ ಒಣಗಿದ್ದರೆ ಸರಿ, ತೊಟ್ಟಿಕ್ಕುವಷ್ಟು ಆಯಿಲ್ ನಿಂತಿದ್ದರೆ ಹೊರಗೆ ಇನ್ನೂ ಕಾಣದಿದ್ದರೂ ಆ ಸಿಲಿಂಡರಿನ ಆಯುಷ್ಯ ಮುಗಿದಿದೆ.

ಎರಡು ಜಾಗಗಳು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಬೂಸ್ಟರ್ ಇಲ್ಲದ ಬ್ರಿಟಿಷ್ ಕಾರುಗಳಲ್ಲಿ ಮಾಸ್ಟರ್ ಸಿಲಿಂಡರಿನ ಹಿಂದಿನ ವಾಷರು ಸೋತರೆ ಆಯಿಲ್ ತಳ್ಳುಕಡ್ಡಿಯ ಗುಂಟ ಇಳಿದು ಚಾಲಕನ ಕಾಲ್ಬುಡದ ಕಾರ್ಪೆಟಿಗೆ ಸೇರುತ್ತದೆ. ಪೆಡಲ್ ಪೆಟ್ಟಿಗೆಯ ಪೇಂಟು ಗುಳ್ಳೆಯೆದ್ದು ಕಿತ್ತು ಬಂದಿದ್ದರೆ ಅದೇ ಗುರುತು. ಬೂಸ್ಟರ್ ಇರುವ ಕಾರಿನಲ್ಲಿ ಅದೇ ಆಯಿಲ್ ಬೂಸ್ಟರಿನೊಳಗೆ ಬೀಳುವುದರಿಂದ ಹೊರಗೆ ಒಂದು ಹನಿಯೂ ಕಾಣದೆ ಡಬ್ಬಿ ಖಾಲಿಯಾಗುತ್ತ ಹೋಗುತ್ತದೆ, ಕೆಲವೊಮ್ಮೆ ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ. ಮಾಸ್ಟರ್ ಸಿಲಿಂಡರನ್ನು ಬೂಸ್ಟರಿಗೆ ಹಿಡಿದಿರುವ ನಟ್ಟುಗಳನ್ನು ಬಿಚ್ಚಿ, ಪೈಪುಗಳು ಬಾಗದಷ್ಟು ಮಾತ್ರ ಮುಂದಕ್ಕೆ ಎಳೆದು ಹಿಂಬದಿಯನ್ನು ನೋಡಿದರೆ ಸಂಶಯ ಪರಿಹಾರವಾಗುತ್ತದೆ. ಪೇಂಟಿನ ಮೇಲೆ ಆಯಿಲ್ ಚೆಲ್ಲಿದರೆ ಒರೆಸುತ್ತ ಕೂರದೆ ಕೂಡಲೇ ಧಾರಾಳವಾಗಿ ನೀರು ಹಾಕಬೇಕು.

ಆಯಿಲಿಗೆ ಸಂಬಂಧವಿಲ್ಲದ ಕಾರಣಗಳು

ಮೊದಲ ಒತ್ತಿಗೆ ಪೆಡಲ್ ಆಳಕ್ಕೆ ಹೋಗಿ ಎರಡನೆಯದಕ್ಕೆ ಗಟ್ಟಿಯಾಗುವ ಕಾರುಗಳಲ್ಲಿ ಎಷ್ಟು ಸಲ ಏರ್ ತೆಗೆದರೂ ಪ್ರಯೋಜನವಿಲ್ಲ. ಏಕೆ ಎಂಬುದು ಒಂದು ಸಣ್ಣ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಮಾಸ್ಟರ್ ಸಿಲಿಂಡರಿನ ವ್ಯಾಸ 19 ಮಿ.ಮೀ., ಮುಂದಿನ ಎರಡು ಕ್ಯಾಲಿಪರುಗಳಲ್ಲಿ ಒಟ್ಟು ನಾಲ್ಕು ಪಿಸ್ಟನ್ನುಗಳು, ಒಂದೊಂದರ ವ್ಯಾಸ 51 ಮಿ.ಮೀ., ಪೆಡಲಿನ ಸನ್ನೆ ಅನುಪಾತ ಐದಕ್ಕೆ ಒಂದು ಎಂದಿಟ್ಟುಕೊಳ್ಳೋಣ. ಪ್ರತಿಯೊಂದು ಪಿಸ್ಟನ್ನೂ ಇರಬೇಕಾದದ್ದಕ್ಕಿಂತ ಕಾಲು ಮಿಲಿಮೀಟರು ಮಾತ್ರ ಹಿಂದೆ ಸರಿದಿದ್ದರೆ ಆ ಜಾಗ ತುಂಬಲು ಸುಮಾರು 2 ಮಿ.ಲೀ. ಆಯಿಲ್ ಬೇಕು; ಅಷ್ಟನ್ನು ಕಳಿಸಲು ಮಾಸ್ಟರ್ ಸಿಲಿಂಡರಿನ ಪಿಸ್ಟನ್ 7 ಮಿ.ಮೀ.ಗಿಂತ ತುಸು ಹೆಚ್ಚು ಚಲಿಸಬೇಕು. ಪೆಡಲಿನ ಬಳಿ ಅದು ಸುಮಾರು 36 ಮಿ.ಮೀ. ಆಗುತ್ತದೆ. ಕಣ್ಣಿಗೆ ಕಾಣದ ಕಾಲು ಮಿಲಿಮೀಟರು ಕಾಲಿನ ಕೆಳಗೆ ಒಂದೂವರೆ ಇಂಚಿನಷ್ಟು ಬೆಳೆದು ನಿಲ್ಲುತ್ತದೆ.

ಪಿಸ್ಟನ್ನು ಹೀಗೆ ಹಿಂದೆ ಸರಿಯಲು ಮುಖ್ಯ ಕಾರಣ ಸಡಿಲವಾದ ವೀಲ್ ಬೇರಿಂಗ್, ಅಥವಾ ಸೊಟ್ಟಗಾದ ಡಿಸ್ಕ್. ಚಕ್ರ ನೆಲದಿಂದ ಎದ್ದಿರುವಾಗ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲುಗಿಸಿ ನೋಡಬೇಕು. ಸಹಾಯಕ್ಕೆ ಬಂದವರು ಬ್ರೇಕ್ ಒತ್ತಿದಾಗ ಆ ಅಲುಗಾಟ ನಿಂತರೆ ಬೇರಿಂಗಿನದೇ ದೋಷ, ನಿಲ್ಲದಿದ್ದರೆ ಸಸ್ಪೆನ್ಶನ್ನಿನ ಕಡೆ ನೋಡಬೇಕು. ಡಿಸ್ಕಿನ ಸೊಟ್ಟವನ್ನು ಡಯಲ್ ಗೇಜಿನಿಂದ ಅಳೆಯಬೇಕು, 0.1 ಮಿ.ಮೀ. ದಾಟಿದರೆ ಸಾಮಾನ್ಯವಾಗಿ ಹೆಚ್ಚೆಂದೇ ತಿಳಿಯಬೇಕು. ತಿರುವುಗಳಿರುವ ರಸ್ತೆಯಲ್ಲಿ ಓಡಿಸಿದ ಕೂಡಲೇ ಮೊದಲ ಬ್ರೇಕ್ ಆಳಕ್ಕೆ ಹೋಗಿ, ನೇರ ರಸ್ತೆಯಲ್ಲಿ ಹಾಗಾಗದಿದ್ದರೆ ಬೇರಿಂಗಿನ ಮೇಲೆ ಸಂಶಯ ಇನ್ನಷ್ಟು ಗಟ್ಟಿಯಾಗುತ್ತದೆ.

ಹಿಂದಿನ ಚಕ್ರಗಳ ಹೊಂದಾಣಿಕೆಯನ್ನು ಕಾರು ನಿಂತಲ್ಲೇ ಪರೀಕ್ಷಿಸಬಹುದು. ಹ್ಯಾಂಡ್ ಬ್ರೇಕನ್ನು ಬಲವಾಗಿ ಎಳೆದು ಪೆಡಲ್ ಒತ್ತಿ ನೋಡಬೇಕು. ಪೆಡಲ್ ಮೊದಲಿಗಿಂತ ಸ್ಪಷ್ಟವಾಗಿ ಮೇಲೆ ಹಿಡಿದರೆ ಹಿಂದಿನ ಲೈನರು ಅಥವಾ ಪ್ಯಾಡ್ ದೂರವಿದೆ ಎಂದಾಯಿತು. ಎಂಜಿಬಿ, ಸ್ಪಿಟ್‌ಫೈರ್ ಕಾರುಗಳ ಹಿಂದಿನ ಡ್ರಮ್ಮುಗಳಲ್ಲಿ ಹೊಂದಾಣಿಕೆ ತಾನಾಗಿ ಆಗುವುದಿಲ್ಲ. ಹಿಂಬದಿಯ ತಗಡಿನ ಮೇಲಿರುವ ಚೌಕದ ತಲೆಯ ಅಡ್ಜಸ್ಟರನ್ನು ಚಕ್ರ ಬಿಗಿಯಾಗುವವರೆಗೆ ತಿರುಗಿಸಿ, ಮತ್ತೆ ಚಕ್ರ ಸಲೀಸಾಗಿ ತಿರುಗುವಷ್ಟು ಹಿಂದಕ್ಕೆ ಬಿಡಬೇಕು. ತುಕ್ಕು ಹಿಡಿದ ಅಡ್ಜಸ್ಟರಿಗೆ ಸಾಮಾನ್ಯ ಪಾನಾ ಹಾಕಿ ತಿರುಗಿಸಿದರೆ ಚೌಕದ ಮೂಲೆಗಳು ಉರುಟಾಗಿ ಮುಂದೆ ಯಾವ ಪಾನಾವೂ ಹಿಡಿಯದು. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಸರಿಯಾದ ಚೌಕ ಪಾನಾವನ್ನೇ ಬಳಸಬೇಕು. ಮೊದಲ ತಲೆಮಾರಿನ ಎಂ.ಎಕ್ಸ್-5 ಕಾರಿನಲ್ಲಿ ಹಿಂದೆಯೂ ಡಿಸ್ಕ್ ಇದ್ದು, ಕ್ಯಾಲಿಪರಿನ ಹಿಂಭಾಗದಲ್ಲಿ ಒಂದು ಬೋಲ್ಟಿನ ಮರೆಯಲ್ಲಿ ಅಲೆನ್ ಕೀ ಹಾಕಿ ತಿರುಗಿಸುವ ಅಡ್ಜಸ್ಟರ್ ಇರುತ್ತದೆ. ಪ್ಯಾಡ್ ಬದಲಿಸುವಾಗ ಇದನ್ನು ಮರೆತುಬಿಡುವುದು ಸಾಮಾನ್ಯ, ಆ ಮೇಲೆ ಪೆಡಲ್ ಆಳಕ್ಕೆ ಹೋಯಿತೆಂದು ಏರ್ ತೆಗೆಯುವುದೂ ಅಷ್ಟೇ ಸಾಮಾನ್ಯ. ಹ್ಯಾಂಡ್ ಬ್ರೇಕಿನ ಕೇಬಲ್ ಬಿಗಿ ಮಾಡಿ ಈ ದೋಷವನ್ನು ಮುಚ್ಚುವುದು ತಪ್ಪು. ಮೊದಲು ಚಕ್ರದಲ್ಲಿ ಹೊಂದಿಸಿ, ಕೊನೆಗೆ ಕೇಬಲನ್ನು ಮುಟ್ಟಬೇಕು.

ಹೊಸ ಲೈನರು ಹಾಕಿದ ಮೇಲೆ ಪೆಡಲ್ ಪುಟಿಯುವಂತಾಗಿದ್ದರೆ, ಲೈನರಿನ ವಕ್ರತೆ ಸವೆದು ದೊಡ್ಡದಾದ ಡ್ರಮ್ಮಿಗೆ ಹೊಂದುತ್ತಿಲ್ಲವೇ ಎಂದು ನೋಡಬೇಕು. ಲೈನರಿನ ನಡುಭಾಗ ಮಾತ್ರ ತಾಗಿ ತುದಿಗಳು ತಾಗದಿದ್ದರೆ ಒತ್ತಿದಾಗ ಲೈನರು ಕೂತಿರುವ ಇಡೀ ಶೂ ಬಾಗುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಒಂದು ಬದಿ ಓರೆಯಾಗಿ ಸವೆದ ಪ್ಯಾಡ್, ತುಕ್ಕು ಹಿಡಿದು ಜಾರದಂತಾದ ಕ್ಯಾಲಿಪರ್ ಪಿನ್ನು ಇವೂ ಅದೇ ಪರಿಣಾಮ ಕೊಡುತ್ತವೆ. ಪೆಡಲ್ ಮತ್ತು ತಳ್ಳುಕಡ್ಡಿ ಸೇರುವ ಪಿನ್ನು ಸವೆದು ಅದರ ತೂತು ಮೊಟ್ಟೆಯಾಕಾರವಾಗಿದ್ದರೆ ಒಂದಷ್ಟು ಚಲನೆ ಅಲ್ಲೇ ಪೋಲಾಗುತ್ತದೆ. ಇನ್ನೊಬ್ಬರಿಂದ ಪೆಡಲ್ ಜೋರಾಗಿ ಒತ್ತಿಸಿ, ಬಾನೆಟ್ ತೆರೆದು ಮಾಸ್ಟರ್ ಸಿಲಿಂಡರ್ ಕುಳಿತಿರುವ ತಗಡಿನ ಗೋಡೆಯನ್ನು ನೋಡಬೇಕು. ಸಿಲಿಂಡರೇ ಮುಂದಕ್ಕೆ ಚಲಿಸುತ್ತಿದ್ದರೆ ತಗಡು ಬಿರುಕು ಬಿಟ್ಟಿದೆ ಅಥವಾ ತುಕ್ಕಿನಿಂದ ಸೋತಿದೆ.

ದೋಷವನ್ನು ಒಂದು ಕಡೆಗೆ ತಂದು ನಿಲ್ಲಿಸುವುದು

ಮೇಲಿನವೆಲ್ಲ ಸರಿಯಿದ್ದೂ ಪೆಡಲ್ ಮೆತ್ತಗೇ ಇದ್ದರೆ ದೋಷ ಆಯಿಲಿನ ಮಾರ್ಗದಲ್ಲಿದೆ. ಇಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಮಾಸ್ಟರ್ ಸಿಲಿಂಡರಿನ ಬಾಯಿ ಮುಚ್ಚುವ ಪರೀಕ್ಷೆಯನ್ನು. ಸಿಲಿಂಡರಿನಿಂದ ಹೊರಡುವ ಪೈಪುಗಳನ್ನು ಬಿಚ್ಚಿ, ಅವುಗಳ ಜಾಗದಲ್ಲಿ ಗಟ್ಟಿ ಪ್ಲಗ್ಗುಗಳನ್ನು ಬಿಗಿದು, ಒಳಗಿನ ಗಾಳಿ ಹೋಗುವಂತೆ ಪ್ಲಗ್ಗನ್ನು ತುಸು ಸಡಿಲಿಸಿ ಬಿಗಿ ಮಾಡಿ, ಬಳಿಕ ಪೆಡಲ್ ಒತ್ತಬೇಕು. ಸಿಲಿಂಡರ್ ಆರೋಗ್ಯವಾಗಿದ್ದರೆ ಪೆಡಲ್ ಮೇಲೆಯೇ ಗೋಡೆಗೆ ತಾಗಿದಂತೆ ನಿಲ್ಲುತ್ತದೆ, ಒಂದು ನಿಮಿಷ ಹಿಡಿದರೂ ಕದಲುವುದಿಲ್ಲ. ಹಾಗೆ ನಿಂತಿತೆಂದರೆ ಹೊಸ ಮಾಸ್ಟರ್ ಸಿಲಿಂಡರಿನ ಆರ್ಡರನ್ನು ಅಲ್ಲಿಗೇ ನಿಲ್ಲಿಸಬಹುದು. ಇಳಿದರೆ ಒಳಗಿನ ವಾಷರು ಸೋತಿದೆ. ಪುಟಿದರೆ ಸಿಲಿಂಡರಿನೊಳಗೇ ಗಾಳಿ ಉಳಿದಿದೆ.

ಪ್ಲಗ್ಗುಗಳನ್ನು ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಯಾವುದಾದರೂ ಲೇತ್ ಅಂಗಡಿಯಲ್ಲಿ ಹಿತ್ತಾಳೆಯಿಂದ ಮಾಡಿಸಿಕೊಳ್ಳಬಹುದು, ಆದರೆ ಥ್ರೆಡ್ಡಿನ ವಿಷಯದಲ್ಲಿ ಬಹಳ ಎಚ್ಚರಿಕೆ ಬೇಕು. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಹೆಚ್ಚಾಗಿ 3/8 ಇಂಚಿನ, ಇಂಚಿಗೆ 24 ಸುತ್ತಿನ ಯು.ಎನ್.ಎಫ್. ಥ್ರೆಡ್ ಇರುತ್ತದೆ, ಜಪಾನ್ ಮತ್ತು ಜರ್ಮನಿಯ ಕಾರುಗಳಲ್ಲಿ 10 ಮಿ.ಮೀ. ವ್ಯಾಸ, 1 ಮಿ.ಮೀ. ಅಂತರದ ಮೆಟ್ರಿಕ್ ಥ್ರೆಡ್. ಎರಡೂ ನೋಡಲು ಒಂದೇ ತೆರ. 3/8ರ ನಟ್ಟು ಮೆಟ್ರಿಕ್ ತೂತಿನಲ್ಲಿ ಕೆಲವು ಸುತ್ತು ಹಿಡಿದಂತೆ ಮಾಡಿ, ಒತ್ತಡ ಬಿದ್ದಾಗ ಥ್ರೆಡ್ಡನ್ನು ಕಿತ್ತುಕೊಂಡು ಹೊರಬರುತ್ತದೆ. ಕಾರಿನಿಂದ ಬಿಚ್ಚಿದ ನಟ್ಟನ್ನೇ ಮಾದರಿಯಾಗಿ ಒಯ್ದು, ಥ್ರೆಡ್ ಗೇಜ್ ಹಿಡಿದು ನೋಡಿಸಿ ಮಾಡಿಸಬೇಕು. ಪ್ಲಗ್ಗಿನ ತುದಿಯ ಆಕಾರವೂ ಪೈಪಿನ ತುದಿಗೆ ತಕ್ಕಂತಿರಬೇಕು.

ಸಿಲಿಂಡರ್ ಸರಿಯಿದೆ ಎಂದಾದ ಮೇಲೆ ಪೈಪುಗಳನ್ನು ಮರಳಿ ಜೋಡಿಸಿ, ತೆರೆದ ಪೈಪುಗಳಲ್ಲಿ ಸೇರಿದ ಗಾಳಿಯನ್ನು ತೆಗೆದು, ಚಕ್ರಗಳ ಹೋಸ್ ಪೈಪುಗಳನ್ನು ಒಂದೊಂದಾಗಿ ಹಿಸುಕಿ ಹಿಡಿದು ನೋಡಬೇಕು. ನಾಲ್ಕನ್ನೂ ಮುಚ್ಚಿದಾಗ ಪೆಡಲ್ ಗಟ್ಟಿಯಾಗಿ, ಒಂದೊಂದನ್ನೇ ಬಿಡುತ್ತ ಹೋದಾಗ ಯಾವ ಚಕ್ರದ ಬಳಿ ಬಂದಾಗ ಪೆಡಲ್ ಒಮ್ಮೆಲೇ ಇಳಿಯುತ್ತದೆಯೋ ದೋಷ ಆ ಚಕ್ರದಲ್ಲಿದೆ. ಡಿಸ್ಕ್ ಚಕ್ರಗಳು ಡ್ರಮ್ಮಿಗಿಂತ ಹೆಚ್ಚು ಆಯಿಲ್ ಬೇಡುವುದರಿಂದ ಸ್ವಲ್ಪ ಇಳಿಯುವುದು ಸಹಜ. ಎಡ ಬಲ ಚಕ್ರಗಳನ್ನು ಒಂದಕ್ಕೊಂದು ಹೋಲಿಸಿದರೆ ಗೊಂದಲವಾಗದು. ಹಿಂದಿನ ಎರಡೂ ಚಕ್ರಗಳಿಗೆ ಸೇರಿ ಒಂದೇ ಹೋಸ್ ಇರುವ ಕಾರುಗಳಲ್ಲಿ ಹಿಂದಿನ ಭಾಗವನ್ನು ಒಂದೇ ಘಟಕವೆಂದು ಎಣಿಸಬೇಕು. ಹಿಸುಕಲು ದುಂಡು ದವಡೆಯ ಹೋಸ್ ಕ್ಲ್ಯಾಂಪ್ ಮಾತ್ರ ಬಳಸಬೇಕು. ಹಲ್ಲಿನ ಇಕ್ಕಳ ಹಾಕಿದರೆ ಹೋಸಿನ ಒಳಪದರ ಹರಿದು ಹೊಸ ದೋಷವೊಂದು ಹುಟ್ಟುತ್ತದೆ. ಉಕ್ಕಿನ ಹೆಣಿಗೆಯ ಹೋಸುಗಳನ್ನು ಹಿಸುಕಲೇಬಾರದು. ಹೋಸು ಬಿರುಕು ಬಿಟ್ಟು ಹಳತಾಗಿದ್ದರೆ ಹೇಗೂ ಬದಲಿಸಬೇಕಾದದ್ದೇ. ಇನ್ನೊಬ್ಬರು ಪೆಡಲ್ ಒತ್ತುವಾಗ ಹೋಸನ್ನು ಬೆರಳುಗಳ ನಡುವೆ ಹಿಡಿದು, ಅದು ಉಬ್ಬುವುದು ತಿಳಿಯುತ್ತದೆಯೇ ಎಂದು ನೋಡಿದರೆ ಸಾಕು.

ಗಾಳಿ ಅಡಗುವ ಜಾಗಗಳು

ದೋಷ ಗಾಳಿಯದೇ ಎಂದು ಖಚಿತವಾದರೆ ಮೊದಲು ಕ್ಯಾಲಿಪರುಗಳ ನಿಪ್ಪಲ್ (ಗಾಳಿ ಹೊರಬಿಡುವ ಸ್ಕ್ರೂ) ಎತ್ತ ಕಡೆ ಇದೆ ಎಂದು ನೋಡಬೇಕು. ಎಡದ ಕ್ಯಾಲಿಪರನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಕೂರಿಸಿದರೆ ಅನೇಕ ಕಾರುಗಳಲ್ಲಿ ಬೋಲ್ಟುಗಳು ಸರಿಯಾಗಿಯೇ ಕೂರುತ್ತವೆ, ನಿಪ್ಪಲ್ ಮಾತ್ರ ಕೆಳಗೆ ಬರುತ್ತದೆ. ಗಾಳಿ ಮೇಲೆ ನಿಲ್ಲುವುದರಿಂದ ಲೀಟರುಗಟ್ಟಲೆ ಆಯಿಲ್ ಹರಿಸಿದರೂ ಅದು ಹೊರಬರುವುದಿಲ್ಲ. 1960 ಮತ್ತು 70ರ ದಶಕದ ಕೆಲವು ಬ್ರಿಟಿಷ್ ಕಾರುಗಳಲ್ಲಿ ಬೂಸ್ಟರ್ ಪೆಡಲಿನ ಎದುರಿಗಿರದೆ ಬಾನೆಟ್ಟಿನೊಳಗೆ ಬೇರೆ ಕಡೆ ಇರುತ್ತದೆ; ಅದರೊಳಗೆ ಆಯಿಲ್ ಹರಿಯುವ ಸಿಲಿಂಡರೊಂದಿದ್ದು, ಅದನ್ನು ಕೂರಿಸಿದ ಓರೆ ತಪ್ಪಿದ್ದರೆ ಅಲ್ಲಿಯೂ ಗಾಳಿ ನಿಲ್ಲುತ್ತದೆ. ಎ.ಬಿ.ಎಸ್. (ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಹಿಡಿದು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಕಾರಾದರೆ ಅದರ ಘಟಕದೊಳಗಿನ ಗಾಳಿ ತೆಗೆಯಲು ಸ್ಕ್ಯಾನರ್ ಬೇಕಾಗಬಹುದು.

ಏರ್ ತೆಗೆಯುವಾಗ ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟು, ಅದು ನೆಲದವರೆಗೆ ಹೋಗದಂತೆ ಮಾಡಬೇಕು. ಹಳೆಯ ಮಾಸ್ಟರ್ ಸಿಲಿಂಡರಿನಲ್ಲಿ ಪಿಸ್ಟನ್ ದಿನವೂ ಓಡಾಡುವ ಭಾಗ ನುಣುಪಾಗಿರುತ್ತದೆ, ಅದರಾಚೆಯ ಭಾಗ ತುಕ್ಕು ಹಿಡಿದಿರುತ್ತದೆ, ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತ ಕಾರಿನಲ್ಲಂತೂ ಹೇಳುವುದೇ ಬೇಡ. ಪೆಡಲನ್ನು ಪೂರ್ತಿ ಒತ್ತಿದಾಗ ವಾಷರು ಆ ತುಕ್ಕಿನ ಮೇಲೆ ಓಡಿ ಹರಿಯುತ್ತದೆ. ಏರ್ ತೆಗೆಯಲು ಹೋಗಿ ಮಾಸ್ಟರ್ ಸಿಲಿಂಡರೇ ಕೆಟ್ಟಿತು ಎಂಬ ದೂರುಗಳ ಹಿಂದೆ ಬಹುಪಾಲು ಇದೇ ಇರುತ್ತದೆ.

ಕ್ರಮ ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಹತ್ತಿರದ ಚಕ್ರಕ್ಕೆ. ಬಲಗಡೆ ಸ್ಟಿಯರಿಂಗ್ ಇರುವ ಕಾರಿನಲ್ಲಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಆಯಾ ಕಾರಿನ ಕೈಪಿಡಿ ಬೇರೆ ಕ್ರಮ ಹೇಳಿದರೆ ಅದನ್ನೇ ಅನುಸರಿಸಬೇಕು. ಪಾರದರ್ಶಕ ಕೊಳವೆಯನ್ನು ನಿಪ್ಪಲಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ, ಸಹಾಯಕರು “ಒತ್ತೇನ್ರಿ” ಎಂದಾಗ ನಿಪ್ಪಲ್ ತೆರೆದು, ಪೆಡಲ್ ಮರದ ತುಂಡಿಗೆ ತಾಗಿದಾಗ ಮುಚ್ಚಿ, ಆಮೇಲೆ “ಬಿಡ್ರಿ” ಎನ್ನಬೇಕು. ಮುಚ್ಚುವ ಮೊದಲೇ ಪೆಡಲ್ ಬಿಟ್ಟರೆ ಹೋದ ಗಾಳಿ ಮರಳಿ ಬರುತ್ತದೆ. ಡಬ್ಬಿಯ ಮಟ್ಟವನ್ನು ನಡುನಡುವೆ ನೋಡುತ್ತಿರಬೇಕು. ನಿರ್ವಾತ ಪಂಪಿನಿಂದ ಎಳೆಯುವವರಿಗೆ ಗುಳ್ಳೆಗಳು ನಿಲ್ಲುವುದೇ ಇಲ್ಲ, ಏಕೆಂದರೆ ಸಡಿಲಿಸಿದ ನಿಪ್ಪಲಿನ ಥ್ರೆಡ್ಡಿನ ಮೂಲಕ ಹೊರಗಿನ ಗಾಳಿಯೇ ಬರುತ್ತಿರುತ್ತದೆ. ಅದನ್ನು ಕಂಡು ಇಡೀ ವ್ಯವಸ್ಥೆಯಲ್ಲಿ ಗಾಳಿಯಿದೆ ಎಂದು ಭಾವಿಸಬಾರದು.

ಕಾದಾಗ ಮಾತ್ರ ಮೆತ್ತಗಾಗುವ ಪೆಡಲ್

ಊರೊಳಗೆ ಗಟ್ಟಿಯಾಗಿದ್ದು, ಕಲಘಟಗಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವಾಗ ಪೆಡಲ್ ಮೆತ್ತಗಾಗಿ, ಅಂಕೋಲಾದಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಸರಿಯಾದರೆ ಅದು ಕುದಿಯುತ್ತಿರುವ ಆಯಿಲ್. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೋಸಿನ ರಬ್ಬರು ಮತ್ತು ಡಬ್ಬಿಯ ಮುಚ್ಚಳದ ಮೂಲಕ ಹೀರಿಕೊಳ್ಳುತ್ತಲೇ ಇರುತ್ತದೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ; ಶೇ. 3.7ರಷ್ಟು ನೀರು ಸೇರಿದಾಗ ಅದು 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಕುದಿದ ಆಯಿಲಿನ ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ಒಳಗೆ ಹೋಗುತ್ತದೆ. ಪ್ಯಾಡ್ ಕಾದು ಹಿಡಿತ ಕಳೆದುಕೊಂಡರೆ ಹೀಗಾಗುವುದಿಲ್ಲ. ಆಗ ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ಮಾತ್ರ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಹಳೆಯ ಆಯಿಲನ್ನು ಪೂರ್ತಿ ತೆಗೆದು ಮುಚ್ಚಳ ಮುರಿಯದ ಹೊಸ ಡಬ್ಬಿಯ ಆಯಿಲ್ ಹಾಕುವುದು ಇದಕ್ಕೆ ಪರಿಹಾರ. ಯಾವುದೋ ಚಕ್ರ ಉಳಿದವುಗಳಿಗಿಂತ ಹೆಚ್ಚು ಬಿಸಿಯಾಗುತ್ತಿದ್ದರೆ ಅಲ್ಲಿ ಬ್ರೇಕ್ ಬಿಡದೆ ಹಿಡಿದುಕೊಂಡಿದೆ. ಆಯಿಲ್ ಬದಲಿಸಿ ಸುಮ್ಮನಾಗಬಾರದು.

ದುರಸ್ತಿ ಮುಗಿದ ಮೇಲೆ ಮೊದಲಿನಂತೆಯೇ ಎಂಜಿನ್ ಬಂದ್ ಇಟ್ಟು, ನಿರ್ವಾತ ಖಾಲಿ ಮಾಡಿ, ಪೆಡಲನ್ನು ಮೊದಲು ಹಗುರವಾಗಿ, ಬಳಿಕ ಬಲವಾಗಿ ಒಂದೊಂದು ನಿಮಿಷ ಒತ್ತಿ ಹಿಡಿದು, ಆರಂಭದಲ್ಲಿ ಬರೆದಿಟ್ಟ ಚೀಟಿಯೊಂದಿಗೆ ಹೋಲಿಸಬೇಕು. ಮೊದಲ ಓಟವನ್ನು ಅಂಗಳದಲ್ಲಿ, ನಡಿಗೆಯ ವೇಗದಲ್ಲಿ, ಹ್ಯಾಂಡ್ ಬ್ರೇಕಿನ ಮೇಲೆ ಕೈಯಿಟ್ಟುಕೊಂಡೇ ಮಾಡಬೇಕು. ಹುಬ್ಬಳ್ಳಿ-ಧಾರವಾಡ ಬೈಪಾಸಿನ ಲಾರಿಗಳ ನಡುವೆ ಪರೀಕ್ಷೆ ಸಲ್ಲದು. ಡಬ್ಬಿಯ ಮೇಲೆ ಆಯಿಲಿನ ಮಟ್ಟಕ್ಕೆ ಮಾರ್ಕರಿನಿಂದ ಗೆರೆ ಎಳೆದು, ಮರುದಿನ ಬೆಳಿಗ್ಗೆ ಬಿಚ್ಚಿ ಜೋಡಿಸಿದ ಪ್ರತಿಯೊಂದು ನಟ್ಟು ಮತ್ತು ನಿಪ್ಪಲನ್ನು ಒಣ ಕಾಗದದಿಂದ ಒರೆಸಿ ನೋಡಬೇಕು. ಕಾಗದ ಒದ್ದೆಯಾದರೆ ಆ ಜೋಡಣೆಯನ್ನು ಬಿಚ್ಚಿ, ತಾಮ್ರದ ವಾಷರು ಇರುವಲ್ಲಿ ಹೊಸದನ್ನೇ ಹಾಕಿ ಮತ್ತೆ ಬಿಗಿಯಬೇಕು.